ಗುಡ್ಡದಲ್ಲಿ ಇಟ್ಟು ಬಂದದ್ದು

ಗೆಳತಿ ಸುಗಂಧಾಳ ಗಂಡ ತೀರಿಕೊಂಡು ವರ್ಷವಾಗಿತ್ತು. ಮನೆಯಿಂದ ಹೊರಗೆ ಬರಲಿ ಎಂದು ಶೈನಾಜ್ ಅವಳನ್ನು ನೆನಪಿನ ಡಬ್ಬಿ ಹುಡುಕುವ ಹವ್ಯಾಸಕ್ಕೆ ಹಚ್ಚಿದಳು. ಮೊದಲ ಸಲಕ್ಕೆ ಆರಿಸಿದ್ದು, ಆ ಗಂಡನೇ ಬದುಕಿದ್ದಾಗ ತನ್ನ ನೆನಪೊಂದನ್ನಿಟ್ಟು ಬಾದಾಮಿಯ ಗುಡ್ಡದಲ್ಲಿ ಅಡಗಿಸಿದ್ದ ಡಬ್ಬಿ. ಫೋನಿನ ಬಾಣ ತೋರಿಸಿದ ಬಂಡೆಯ ಸಂದಿಯಲ್ಲಿ ಅದು ಸಿಕ್ಕಿತು.

“ಒಂದು ನೆನಪು ತಗೊಂಡ್ರ ನಿಂದೊಂದು ಇಡಬೇಕು. ಇಟ್ಟದ್ದು ನಿನ್ನ ತಲ್ಯಾಗ ಉಳಿಯೂದಿಲ್ಲ. ಸಣ್ಣದೇನರ ಇಡು,” ಎಂದಳು ಶೈನಾಜ್.

ಡಬ್ಬಿ ತೆರೆದ ಸುಗಂಧಾ ನಕ್ಕಳು. “ನನ್ನ ನೋಡಾಕ ಬಂದಾಗ ಇವರ ಅಂಗೈ ಬೆವತಿತ್ತಂತ!” ಆಮೇಲೆ ಕಣ್ಣು ಮುಚ್ಚಿ, ತನ್ನದೊಂದನ್ನು ಒಳಗೆ ಉಸುರಿ ಮುಚ್ಚಳ ಒತ್ತಿದಳು.

ಇಳಿಯುವಾಗ ಅವಳೇ ಮುಂದೆ ಓಡುತ್ತಿದ್ದಳು. “ಲಗೂನ ಬಾರ! ಡಬ್ಬಿ ಸಿಕ್ತು ಅಂತ ನಮ್ಮ ಮನಿಯವ್ರಿಗೆ ಹೇಳಬೇಕು. ಚಾ ಕುಡ್ಯಾಕ ಕಾಯ್ತಿರತಾರ.”

ಶೈನಾಜ್ ಡಬ್ಬಿಯಿದ್ದ ಬಂಡೆಯ ಕಡೆ ತಿರುಗಿ ನೋಡಿದಳು. ಅವನು ತೀರಿಕೊಂಡ ಸುದ್ದಿಯನ್ನು ಸುಗಂಧಾಳಿಗೆ ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಸಲ ಹೇಳಿದವಳೂ ಅವಳೇ.