ಹಪ್ಪಳ ಕಾಯುವ ಆಟ

"ಇದು ಮನುಷ್ಯರಲ್ಲ ಮಾರಾಯ್ತಿ," ಅಂದ ಅನ್ಸಾಫ್, ಲ್ಯಾಪ್‌ಟಾಪಿನ ಪರದೆಗೆ ಬೆರಳು ಕುಟ್ಟುತ್ತಾ. "ನಲವತ್ತೆರಡು ಗಂಟೆ! ಮಧ್ಯೆ ಊಟ ಇಲ್ಲ, ನಿದ್ದೆ ಇಲ್ಲ. ಯಾರೋ ಕಳ್ಳ ಸಾಫ್ಟ್‌ವೇರ್ ಬಿಟ್ಟು ನಮ್ಮ ಮಾನ ತೆಗೆಯುತ್ತಿದ್ದಾರೆ."

ಮೂಡಬಿದ್ರಿಯ ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಎರಡು ವರ್ಷ ಕೂತು ವಿಸ್ಮಿತಾ ಒಂದು ಮೊಬೈಲ್ ಗೇಮ್ ಮಾಡಿದ್ದಳು. ಚಿತ್ರ ಅವಳದು, ಕೋಡಿಂಗ್ ಅವಳದು. ಕಾಗೆಯ ಕೂಗು ಮಾತ್ರ ಗೆಳೆಯ ಅನ್ಸಾಫ್‌ನದು. ಅವನೇ ಬಾಯಲ್ಲಿ ಕೂಗಿ ರೆಕಾರ್ಡ್ ಮಾಡಿಕೊಟ್ಟಿದ್ದ, ಕೆಳಗಿನ ಟೈಲರ್ ಕೋಲು ಹಿಡಿದು ಮೇಲೆ ಬರುವವರೆಗೆ.

ಆಟ ಇಷ್ಟೇ. ಒಬ್ಬ ಅಜ್ಜಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಾಳೆ. ಕಾಗೆ, ಕೋಳಿ, ಪಕ್ಕದ ಮನೆಯ ದನ ಎಲ್ಲ ಬರುತ್ತವೆ. ನೀವು ಓಡಿಸಬೇಕು. ಮುಗಿದ ಮೇಲೆ ಅಜ್ಜಿ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಂಡು, "ಹೊರಟೆಯಾ ಮಗಾ?" ಎಂದು ಕೇಳುತ್ತಾಳೆ. ಕೆಳಗೆ ಎರಡು ಗುಂಡಿ: 'ಇನ್ನೊಂದು ಆಟ', 'ಹೋಗುತ್ತೇನೆ'. ಇಡೀ ಆಟದಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದವಿಲ್ಲ ಎಂದು ವಿಸ್ಮಿತಾ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಬೆಂಗಳೂರಿನ ಒಂದು ಗೇಮ್ ಮೇಳಕ್ಕೆ ಅದನ್ನು ಕಳಿಸಿದ್ದಳು. ಮೇಳದವರು ಶುಕ್ರವಾರ ಅದನ್ನು ಎಲ್ಲರಿಗೂ ಆಡಲು ಬಿಟ್ಟಿದ್ದೇ ತಡ, ತಕರಾರು ಶುರು. ಬೆಂಗಳೂರಿನವರು ನಾಲ್ಕು ನಿಮಿಷ ಆಡಿ ಬಿಟ್ಟಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿಯವರು ಬಿಡುತ್ತಲೇ ಇರಲಿಲ್ಲ. ಒಳಗೆ ಹೋದವರು ಒಬ್ಬರೂ ಹೊರಗೆ ಬಂದಿರಲಿಲ್ಲ. ಗುರುವಾಯನಕೆರೆಯ ಮೊಬೈಲ್ ಅಂಗಡಿಯಲ್ಲಿ ಈ ವಾರ ಚಾರ್ಜರ್ ಖಾಲಿಯಂತೆ.

ಮೇಳದ ಆಯ್ಕೆ ನೋಡಿಕೊಳ್ಳುವ, ಸುರಕ್ಷಾ ಎಂಬ ಹೆಸರಿನ ಮೇಡಂ ಖಡಾಖಂಡಿತವಾಗಿ ಬರೆದಿದ್ದರು: ಈ ಅಂಕಿಅಂಶ ನಂಬುವಂತಿಲ್ಲ. ಭಾನುವಾರ ಮಧ್ಯಾಹ್ನದ ಒಳಗೆ ಒಬ್ಬ ನಿಜವಾದ ಆಟಗಾರರನ್ನು ವಿಡಿಯೋ ಕರೆಯಲ್ಲಿ ತೋರಿಸಿ. ಇಲ್ಲವಾದರೆ ನಿಮ್ಮ ಆಟ ಪಟ್ಟಿಯಿಂದ ಹೊರಗೆ.

ಇವತ್ತೇ ಭಾನುವಾರ. ಗಂಟೆ ಹತ್ತಾಗಿತ್ತು.

"ಹೆಚ್ಚು ಹೊತ್ತು ಆಡಿದವರಲ್ಲಿ ಮೊದಲನೇ ಸ್ಥಾನದಲ್ಲಿರುವವರ ಹೆಸರು ಏನುಂಟು ನೋಡು," ಅಂದಳು ವಿಸ್ಮಿತಾ.

ಅನ್ಸಾಫ್ ಓದಿದ. "ಸೇಸಮ್ಮ, ನರಿಕೊಂಬು, ಶಾಲೆಯ ಹಿಂದಿನ ಮನೆ." ಓದಿ ತಲೆ ಕೆರೆದುಕೊಂಡ. "ಇಷ್ಟು ಸರಿಯಾಗಿ ವಿಳಾಸ ಕೊಡುವ ಕಳ್ಳ ಯಾರಪ್ಪಾ?"

ಸ್ಕೂಟರ್ ನರಿಕೊಂಬು ಮುಟ್ಟುವಾಗ ಹನ್ನೊಂದೂವರೆ. ದಾರಿಯುದ್ದಕ್ಕೂ ವಿಸ್ಮಿತಾಳಿಗೆ ಒಂದೇ ಯೋಚನೆ. ಮೇಳಕ್ಕೆ ಆಯ್ಕೆಯಾಗುವುದು ಹಾಗಿರಲಿ, ತಾನು ಮಾಡಿದ್ದು ಯಾರಿಗಾದರೂ ಒಬ್ಬರಿಗೆ ನಿಜವಾಗಿ ಇಷ್ಟವಾಗಿದೆಯೇ? ಎರಡು ವರ್ಷದಲ್ಲಿ ಒಬ್ಬರೂ ಬಾಯಿಬಿಟ್ಟು ಚಂದ ಉಂಟು ಎಂದಿರಲಿಲ್ಲ. ಅಮ್ಮ ಕೂಡ "ಹಪ್ಪಳದ ಬಣ್ಣ ಸರಿ ಇಲ್ಲ" ಎಂದಷ್ಟೇ ಹೇಳಿದ್ದಳು.

ಸೇಸಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಅರುವತ್ತರ ಆಸುಪಾಸಿನ ಹೆಂಗಸು, ಮಡಿಲಲ್ಲಿ ಎಲೆಯ ತಟ್ಟೆ, ಎರಡೂ ಕೈಗೆ ಬಿಡುವಿಲ್ಲ. ಎದುರಿನ ಗೋಡೆಗೆ ಒರಗಿಸಿಟ್ಟ ಮೊಬೈಲಿಗೆ ಚಾರ್ಜರ್ ಸಿಕ್ಕಿಸಿತ್ತು. ಕರೆಂಟು ಕೈಕೊಟ್ಟರೆ ಇರಲಿ ಎಂದು ಪಕ್ಕದಲ್ಲೇ ಒಂದು ಪವರ್ ಬ್ಯಾಂಕು. ಪರದೆಯ ಮೇಲೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

ವಿಸ್ಮಿತಾಳ ಕಣ್ಣು ತುಂಬಿ ಬಂತು. ಈಗಷ್ಟೇ ಒಂದು ಸುತ್ತು ಮುಗಿಸಿದ್ದಾರೆ! ಕೆಲಸದ ಮಧ್ಯೆಯೂ ಬಿಡಲು ಮನಸ್ಸಿಲ್ಲ!

"ಸೇಸಕ್ಕಾ, ಈ ಆಟ ಮಾಡಿದ್ದು ನಾನೇ," ಅಂದಳು.

"ಹೌದಾ ಮಗಾ?" ಸೇಸಮ್ಮನ ಮುಖ ಅರಳಿತು. "ದೇವರೇ ಕಳಿಸಿದ ಹಾಗೆ ಬಂದೆ ನೀನು. ಎರಡು ದಿನದಿಂದ ಯಾರನ್ನು ಕೇಳುವುದು ಅಂತ ನೋಡ್ತಾ ಇದ್ದೆ."

ಅನ್ಸಾಫ್ ಆಗಲೇ ಬೆಂಗಳೂರಿಗೆ ವಿಡಿಯೋ ಕರೆ ಹಚ್ಚಿದ್ದ. ಸುರಕ್ಷಾ ಮೇಡಂ ಕನ್ನಡಕ ಏರಿಸಿಕೊಂಡು ಜಗಲಿಯನ್ನು, ಬೀಡಿಯನ್ನು, ಸೇಸಮ್ಮನನ್ನು ಒಂದೊಂದಾಗಿ ನೋಡಿದರು. ಕಳ್ಳ ಸಾಫ್ಟ್‌ವೇರ್‌ನ ಲಕ್ಷಣ ಒಂದೂ ಕಾಣಲಿಲ್ಲ.

"ನಮಸ್ಕಾರ ಅಮ್ಮಾ. ಶುಕ್ರವಾರದಿಂದ ಈ ಗೇಮ್ ನಿಮ್ಮ ಫೋನಲ್ಲೇ ಓಪನ್ ಆಗಿದೆಯಾ?"

ಸೇಸಮ್ಮ ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಕನ್ನಡ ತೆಗೆದರು. "ಹೌದು. ಶುಕ್ರವಾರ ಸಂಜೆಯಿಂದ ಉಂಟು. ಒಂದು ನಿಮಿಷವೂ ಮುಚ್ಚಲಿಲ್ಲ."

"ಬೇರೆ ಯಾರಾದರೂ ಹೀಗೆ ಇಟ್ಟಿದ್ದಾರಾ?"

"ನಾವು ಕಟ್ಟಿದ ಬೀಡಿ ಕೊಡುವ ಬ್ರಾಂಚಿನ ಹೆಂಗಸರು ಎಲ್ಲರೂ. ಪೂವಮ್ಮ ಮಾತ್ರ ಫೋನನ್ನು ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ."

ವಿಸ್ಮಿತಾ ಅನ್ಸಾಫ್‌ನ ತೋಳು ಹಿಡಿದು ಹಿಂಡಿದಳು. ದೇವರ ಕೋಣೆ! ಅವನು ನೋವಿನಲ್ಲೂ ಕಾಗೆಯ ಹಾಗೆ ಒಮ್ಮೆ ಕೂಗಿದ.

"ಅದ್ಭುತ! ನಿಮ್ಮ ಆಟ ಪಟ್ಟಿಯಲ್ಲಿ ಇರುತ್ತೆ ವಿಸ್ಮಿತಾ," ಅಂದರು ಮೇಡಂ. "ಅಮ್ಮಾ, ಕೊನೆಯ ಪ್ರಶ್ನೆ. ಎರಡು ದಿನ ಬಿಡದೆ ಆಡೋ ಅಷ್ಟು ಏನು ಇಷ್ಟ ಆಯ್ತು ಇದರಲ್ಲಿ?"

ಸೇಸಮ್ಮನ ಕೈ ನಿಂತಿತು. "ಆಡಿದ್ದಾ? ನಾನು ಆಡಿದ್ದು ಶುಕ್ರವಾರ ಹತ್ತು ನಿಮಿಷ. ಆ ಕಾಗೆಯ ಸ್ವರ ಕೇಳಿ ತಲೆನೋವು ಬಂತು."

ವಿಸ್ಮಿತಾ ಹಿಡಿದಿದ್ದ ತೋಳು ಬಿಟ್ಟಳು.

"ಮತ್ತೆ ಫೋನ್ ಆಫ್ ಮಾಡಬಹುದಿತ್ತಲ್ಲ ಸೇಸಕ್ಕಾ?" ಕೇಳಿದ ಅನ್ಸಾಫ್.

"ಹೇಳದೆ ಕೇಳದೆ ಎದ್ದು ಬರುವುದಾ? ಅದೆಂಥ ಮರ್ಯಾದೆ?" ಎಂದವರೇ ಸೇಸಮ್ಮ ವಿಸ್ಮಿತಾಳ ಕಡೆ ತಿರುಗಿದರು. "ಅಷ್ಟು ಪ್ರೀತಿಯಲ್ಲಿ ಬಾಗಿಲಿಗೆ ಬಂದು ಕೇಳುವ ಅಜ್ಜಿಗೆ ಯಾರಾದರೂ 'ಹೋಗುತ್ತೇನೆ' ಅಂತ ಹೇಳ್ತಾರಾ ಮಗಾ? 'ಬರ್ತೇನೆ' ಅಂತ ಒಂದು ಗುಂಡಿ ಇಟ್ಟಿದ್ದರೆ ನಾವೆಲ್ಲ ಶುಕ್ರವಾರವೇ ಹೊರಡ್ತಿದ್ದೆವು."