ಹೊಸ ಬೂಟು ಕಚ್ಚುತ್ತದೆ

ಜೀಪಿನಿಂದ ಇಳಿದ ಮೇಜರ್ ಹೊಸ್ತಿಲ ತನಕ ಬಂದ. ಒಳಗೆ ಮಾತ್ರ ಬರಲಿಲ್ಲ.

“ಬೂಟ್ ಬುಟ್ಟು ಒಳಕ್ ಬನ್ನಿ ಸಾ,” ಎಂದಳು ದೊಡ್ಡಮಾದಮ್ಮ. “ನನ್ ಮಗನ ಪೋಟಕ್ಕೆ ನಿಮ್ ಕೈಯಾರೆ ಒಂದ್ ಊವ ಮಡ್ಗಿ.”

“ಬೇಡಮ್ಮ, ಇಲ್ಲೇ ಕೂರ್ತೀನಿ.” ಅವನು ಜಗಲಿಯ ಕಂಬ ಹಿಡಿದು, ಕಾಲು ನೀಡಿಕೊಂಡು ಕೂತ. ಕೂರುವುದರಲ್ಲೂ ಒಂದು ಗತ್ತು ಕಾಣಿಸಿತು.

ದೊಡ್ಡಮಾದಮ್ಮನ ಮುಖ ಬಾಡಿತು. ಹಿಮದ ಠಾಣೆಯಲ್ಲಿ ಮಗ ಶಿವರಾಮು ಸತ್ತು ವರ್ಷವಾಗುತ್ತ ಬಂದಿತ್ತು. ಪೆಟ್ಟಿಗೆ ಬಂದಿತ್ತು, ತೆರೆಯಬೇಡಿ ಎಂದಿದ್ದರು. ಕೊನೆಗಾಲದಲ್ಲಿ ಅವನ ಮುಖ ಕಂಡವರು ಉಮ್ಮತ್ತೂರಿನಲ್ಲಿ ಒಬ್ಬರೂ ಇಲ್ಲ. ಕಂಡವರು ಯಾರಾದರೂ ಬಂದು ಅವನ ಫೋಟೊಗೆ ಹೂವಿಡಬೇಕು, ಅವನು ಹೇಗೆ ಹೋದ ಅಂತ ತನಗೆ ಹೇಳಬೇಕು. ಅವಳಿಗೆ ಉಳಿದಿದ್ದ ಆಸೆ ಅದೊಂದೇ. ಈಗ ಆ ಠಾಣೆಯ ಅಧಿಕಾರಿಯೇ ಮನೆಗೆ ಬಂದಿದ್ದ, ಬಂದು ಹೊರಗೆ ಕೂತಿದ್ದ.

ಅವಳ ಗಂಡ ನಾಗಯ್ಯ ಹೆಸರು ಕೇಳಿದ. ಗುರುಪಾದಸ್ವಾಮಿ ಎಂದ ಮೇಜರ್, ಗುಂಡ್ಲುಪೇಟೆ ಕಡೆಯವನೇ. ನಾಗಯ್ಯನಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ಸೇನೆಯ ದಿರಿಸು ತೊಟ್ಟರೇನು, ಇಂಥ ಮೇಲುಜಾತಿಯವರು ನಮ್ಮ ಕೇರಿಯಲ್ಲಿ ಜಗಲಿಯವರೆಗೆ ಬಂದದ್ದೇ ಹೆಚ್ಚು ಎಂದುಕೊಂಡು, ಸುಮ್ಮನಿರು ಅಂತ ಹೆಂಡತಿಗೆ ಕಣ್ಸನ್ನೆ ಮಾಡಿದ.

“ಏನ್ ಬಂದಿದ್ದು ಸಾ?”

“ನಿಮ್ಮ ಕಾಲಿನ ಅಳತೆ ತಗೊಳ್ಳೋಕೆ.”

ಇದೇನು ಗೇಲಿಯೋ ಎಂದು ನಾಗಯ್ಯ ಬೆಪ್ಪಾಗಿ ನೋಡಿದ. ಮೇಜರ್ ಬಿಡಿಸಿ ಹೇಳಿದ. ಠಾಣೆಯಿಂದ ಇಳಿದು ಬಂದ ಮೇಲೆ ಸೇನೆಯಲ್ಲಿ ವಿಚಾರಣೆ ನಡೆಯುತ್ತದಂತೆ. ಅಲ್ಲಿ ನಮಗೆ ಏನು ಕೊರತೆಯಾಯಿತು, ಮುಂದೆ ಹೋಗುವವರಿಗೆ ಏನೇನು ಬೇಕು, ಅಂತ. ಬಂದೂಕು ಸಾಲದು, ರೇಡಿಯೊ ಸಾಲದು ಎನ್ನುವವರು ಬೇಕಾದಷ್ಟು ಜನ. ಕಾಲಿನ ಕೊರತೆಯನ್ನು ಮಾತ್ರ ಯಾರೂ ಹೇಳಿರಲಿಲ್ಲ. ಈಗ ಮೇಜರನಿಗೆ ಗುಡ್ಡ ಹತ್ತುವ ಕೆಲಸವಿಲ್ಲ, ಇದೇ ಕೆಲಸ.

“ಬರಿಗಾಲಲ್ಲಿ ಬೆಳೆದವರ ಪಾದ ಮುಂದಕ್ಕೆ ಅಗಲ, ಬೆರಳು ಬಿಡಿಬಿಡಿ. ಬೂಟು ಹೊಲಿದದ್ದು ಚಿಕ್ಕಂದಿನಿಂದ ಬೂಟು ಹಾಕಿದವರ ಅಳತೆಗೆ. ಹಿಮದಲ್ಲಿ ಬೂಟು ಬಿಗಿಯಾದರೆ ರಕ್ತ ಓಡಲ್ಲ, ಬೆರಳು ಸಾಯುತ್ತೆ. ನಾಳೆ ಸೇರೋ ಹುಡುಗರೂ ಇಂಥ ಊರುಗಳಿಂದಲೇ ಬರೋರು. ಶಿವರಾಮು ಕಾಲು ಥೇಟ್ ನಿಮ್ಮದರ ಹಾಗೇ ಅಂತ ಅವನೇ ಹೇಳಿದ್ದ.”

ಅದು ನಿಜ. ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಬರಿಗಾಲಲ್ಲಿ ಮೂಟೆ ಹೊತ್ತವನು ಶಿವರಾಮು. ಸೇನೆಗೆ ಸೇರುವವರೆಗೆ ಬೂಟಿನೊಳಗೆ ಕಾಲಿಟ್ಟವನೇ ಅಲ್ಲ.

ಜೀಪಿನ ಚಾಲಕ ದಪ್ಪ ಕಾಗದ ಹಾಸಿದ. ನಾಗಯ್ಯ ಅದರ ಮೇಲೆ ನಿಂತ. ಪಾದದ ಸುತ್ತ ಪೆನ್ಸಿಲ್ ಎಳೆದವನೂ ಚಾಲಕನೇ. ಮೇಜರ್ ಬಗ್ಗಲಿಲ್ಲ. “ಕಿರುಬೆರಳ ಹತ್ತಿರ ಸರಿಯಾಗಿ ಎಳಿ,” ಎಂದು ಕೂತಲ್ಲಿಂದಲೇ ಹೇಳಿದ. ನಮ್ಮ ಕಾಲು ಮುಟ್ಟುವುದಕ್ಕೂ ಇವರಿಗೆ ಆಳು ಬೇಕು ಎಂದು ದೊಡ್ಡಮಾದಮ್ಮನ ಹೊಟ್ಟೆ ಉರಿಯಿತು.

ಆದರೂ ಕಾಫಿ ತಂದಳು. ಕೊಡುವಾಗ ಲೋಟ ವಾಲಿ ಅರ್ಧ ಕಾಫಿ ಅವನ ಕಾಲ ಮೇಲೆ ಚೆಲ್ಲಿತು, ಬಿಸಿಬಿಸಿ. “ಅಯ್ಯೋ!” ಎಂದು ಅವಳೇ ಕೂಗಿಕೊಂಡಳು. ಅವನು ಕಾಲು ಎಳೆದುಕೊಳ್ಳಲೂ ಇಲ್ಲ. ಉಳಿದರ್ಧವನ್ನು ಸುಮ್ಮನೆ ಕುಡಿದ. ಎಂಥ ಕಲ್ಲು ಮನುಷ್ಯ!

“ಬೂಟ್ ಕಚ್ತದೆ ಅಂತ ಅವ್ನು ಏಳ್ನಿಲ್ವಾ?” ಎಂದು ಕೇಳಿದ ನಾಗಯ್ಯ.

“ಕುಂಟೋದು ನೋಡಿ ನಾನೇ ಕೇಳಿದ್ದೆ. ಹೊಸ ಬೂಟು ಕಚ್ಚೋದೇ ಅಲ್ವಾ ಸಾರ್, ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂತ ನಮ್ಮವ್ವ ಹೇಳವ್ಳೆ ಅಂದ.”

ದೊಡ್ಡಮಾದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೇಳಿದ್ದಳು. ರಜಕ್ಕೆ ಬಂದ ಮಗ ಬೂಟು ಕಳಚಿ ಬೆರಳು ನೀವಿಕೊಂಡಾಗ, ನಗುತ್ತ ಹೇಳಿದ್ದಳು. ಬೂಟಿನ ವಿಷಯ ಅವಳಿಗಾದರೂ ಏನು ಗೊತ್ತಿತ್ತು?

“ಅಂಗಾರೆ ಗುಂಡ್ ಬಿದ್ ಸತ್ತಿದ್ದಲ್ವಾ?”

“ಅಲ್ಲಮ್ಮ. ಚಳಿ. ಒಂದು ಹೆಜ್ಜೆ ಇಡೋಕೂ ಆಗ್ತಿರಲಿಲ್ಲ ಅವನಿಗೆ. ಹೊತ್ತು ಇಳಿಸಬೇಕಾಯ್ತು. ದಾರೀಲಿ, ಬೆನ್ನ ಮೇಲೇ ಹೋದ.”

“ಯಾರ್ ಬೆನ್ ಮ್ಯಾಲೆ?”

ಮೇಜರ್ ಬೀದಿಯ ಕಡೆ ನೋಡಿದ. “ಜೊತೇಲಿದ್ದವನೊಬ್ಬ.”

“ಬದುಕವ್ನಾ ಆ ಪುಣ್ಯಾತ್ಮ?”

“ಬದುಕಿದ್ದಾನೆ.”

ಅವಳ ದುಃಖದ ಕಟ್ಟೆಯೊಡೆಯಿತು. “ಅವ್ನು ಬಂದಿದ್ರೆ ಒಳಕ್ ಬರ್ತಿದ್ದ ಕನ ಸಾ! ನನ್ ಮಗನ್ನ ಬೆನ್ ಮ್ಯಾಲೆ ಒತ್ತವ್ನಿಗೆ ನಮ್ ಒಸ್ಲು ಮೈಲಿಗೆ ಆಯ್ತಿರ್ನಿಲ್ಲ.”

“ಸುಮ್ಕಿರಮ್ಮಿ!” ಎಂದು ಗದರಿದ ನಾಗಯ್ಯ. ಆದರೆ ಮಾತು ಆಡಿಯಾಗಿತ್ತು.

ಮೇಜರ್ ಹೊಸ್ತಿಲಿನ ಕಡೆ ತಿರುಗಿದ. ಕಣ್ಣು ತುಂಬಿತ್ತು. “ನಿಮ್ಮ ಸಂಕಟ ಹೆಚ್ಚಿಸಬಾರದು ಅಂತಿದ್ದೆ ತಾಯಿ,” ಎಂದ. “ಹೂವು ತನ್ನಿ.”

ಚಾಲಕ ಓಡಿ ಬಂದು ಅವನ ಬೂಟಿಗೆ ಕೈ ಹಾಕಿದ. ಬೂಟು ಬಿಚ್ಚುವುದಕ್ಕೂ ಆಳೇ ಎಂದು ಮುಖ ತಿರುಗಿಸಿ ದೊಡ್ಡಮಾದಮ್ಮ ಒಳಗೆ ನಡೆದಳು. ಫೋಟೊದ ಮುಂದಿನ ಬುಟ್ಟಿಯಿಂದ ಎರಡು ಕನಕಾಂಬರ ಆರಿಸಿಕೊಳ್ಳುತ್ತಿದ್ದಾಗ, ಬೆನ್ನ ಹಿಂದೆ ನೆಲದ ಮೇಲೆ ಏನೋ ತೆವಳಿದ ಸದ್ದಾಯಿತು. ತಿರುಗಿ ನೋಡಿದಳು. ಮೇಜರ್ ಎರಡೂ ಅಂಗೈ ನೆಲಕ್ಕೂರಿ, ಮೊಣಕಾಲಿನ ಮೇಲೆ ಒಳಗೆ ಬರುತ್ತಿದ್ದ. ಮೊಣಕಾಲಿನಾಚೆಗೆ ಮಡಚಿದ ಬಟ್ಟೆ ಖಾಲಿಯಿತ್ತು.

ಹೊಸ್ತಿಲ ಹೊರಗೆ ಜೋಡಿಸಿಟ್ಟ ಬೂಟುಗಳಲ್ಲಿ, ಶಿವರಾಮುವನ್ನು ಹೊತ್ತು ಇಳಿದವನಿಗೆ ಆಸ್ಪತ್ರೆಯವರು ಕೊಟ್ಟ ಎರಡು ಮರದ ಕಾಲುಗಳು ನಿಂತಿದ್ದವು.