ಬೊಚ್ಚುಬಾಯಿಯ ಗಾಳಿ

ಗಾಳಿಯನ್ನು ಕರೆಯಲು ಟುಲಾ ಅಜ್ಜಿ ತುಟಿ ಮುಂದೆ ಮಾಡಿ ಊದಿದಳು. ಶಿಳ್ಳೆ ಬರಲಿಲ್ಲ, ಬಾಯಿಂದ ಗೆಣಸಿನ ಚೂರು ಹಾರಿ ದ್ವೀಪದ ನಾಯಕಿ ಲೆವಾನಿಯ ಮೂಗಿಗೆ ಅಂಟಿತು. ಮಂತ್ರವಾದಿಗಳ ಶಂಖಕ್ಕಷ್ಟೇ ಓಗೊಡುತ್ತಿದ್ದ ಗಾಳಿಯನ್ನು ಇನ್ನು ಮೇಲೆ ಯಾರು ಬೇಕಾದರೂ ಕರೆಯಬಹುದೆಂದು ಕಾನೂನು ಮಾಡಿದವಳು ಲೆವಾನಿಯೇ. ಈಗ ಗಾಳಿ ಬಾರದಿದ್ದರೆ ಕಾನೂನೂ ಹೋಯಿತು, ಅವಳ ಪಟ್ಟವೂ ಹೋಯಿತು. ದಡದಲ್ಲಿ ಅರ್ಧ ಲೋಕ ನೆರೆದಿತ್ತು. ಉಳಿದರ್ಧ ತೆಂಗಿನ ಮರ ಹತ್ತಿ ಕೂತಿತ್ತು.

"ಹಲ್ಲಿಲ್ಲದ ಬಾಯಿಗೆ ಗಾಳಿ ಬರುತ್ತೇನಮ್ಮಾ ನಾಯಕೀ? ನೊಣ ಬಂದ್ರೆ ಹೆಚ್ಚು!" ಎಂದ ಹಿರಿಯ ಮಂತ್ರವಾದಿ ಒರೊಕು. ಏಳು ತಲೆಮಾರಿನಿಂದ ಅವನ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

"ನಿನ್ನ ಶಂಖಕ್ಕೆ ಹಲ್ಲಿದೆಯೇನೋ, ಒಣಮೀನು ಮೋರೆಯವನೇ?" ಎಂದಳು ಅಜ್ಜಿ.

ಲೆವಾನಿ ಪಕ್ಕನೆ ನಕ್ಕಳು. ಅಜ್ಜಿಗೂ ನಗು ಉಕ್ಕಿತು. ಆ ನಗುವಿನ ನಡುವೆ ಬೊಚ್ಚುಬಾಯಿಂದ ಎಳೆಯಷ್ಟು ಶಿಳ್ಳೆ ಹೊರಟಿತು. ಅಷ್ಟೇ! ಬಂದ ಗಾಳಿಗೆ ದೋಣಿಗಳ ಹಾಯಿಗಳೆಲ್ಲ ತುಂಬು ಬಸುರಿಯರಂತೆ ಉಬ್ಬಿದವು, ತಿಮಿಂಗಿಲಗಳು ಪಲ್ಟಿ ಹೊಡೆದವು, ಒರೊಕುವಿನ ಕವಡೆ ಕಿರೀಟ ಮೂರು ದ್ವೀಪ ದಾಟಿ ಹೋಯಿತು.

ಬೋಳುತಲೆ ಸವರಿಕೊಳ್ಳುತ್ತ ಒರೊಕು ಅಜ್ಜಿಯ ಪಕ್ಕ ಬಂದು ಕುಕ್ಕರಿಸಿದ. "ಅಜ್ಜೀ, ತುಟಿ ಹೆಂಗಿಡಬೇಕು?"

"ಮೊದಲು ಆ ಮೋರೆ ಸಡಿಲ ಬಿಡೋ, ಮಗಾ."

ಒರೊಕು ನಕ್ಕು ಊದಿದ. ಅಂಥ ಬಿರುಗಾಳಿಗೂ ಜಗ್ಗದೆ ಲೆವಾನಿಯ ಮೂಗಿಗೆ ಅಂಟಿಕೊಂಡಿದ್ದ ಗೆಣಸು ಹಾರಿಹೋಯಿತು.